ಡಿಸ್ಕ್ ಹಿಡಿಯದ ಪೆಟ್ಟಿಗೆ

ಆ ಎರಡು ಕಂಪನಿಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹತ್ತು ವರ್ಷ ಅವರ ಪರವಾಗಿ ಪುಕ್ಕಟೆ ಗಂಟಲು ಹರಿದುಕೊಂಡಿದ್ದೇನೆ, ಅಷ್ಟು ಸಾಕು. ಒಂದನ್ನು ನೀಲಿ ಅನ್ನೋಣ, ಇನ್ನೊಂದನ್ನು ಹಸಿರು. ಎರಡೂ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಪೆಟ್ಟಿಗೆಗಳನ್ನು ಮಾಡುತ್ತವೆ. ನೀಲಿಯ ಡಿಸ್ಕ್ ಹಸಿರಿನಲ್ಲಿ ಓಡುವುದಿಲ್ಲ, ಹಸಿರಿನದು ನೀಲಿಯಲ್ಲಿ ಓಡುವುದಿಲ್ಲ. ನಾನು ಹಸಿರಿನವನು. ಜಾತಿ ಹೇಳಿಕೊಂಡ ಹಾಗೆ ಎದೆಯುಬ್ಬಿಸಿ ಅದನ್ನು ಹೇಳಿಕೊಳ್ಳುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಗೊಬ್ಬರದ ಲಾರಿ ಬಂತೇ ಎಂದು ನೋಡುವುದು, ಮೇಸ್ತ್ರಿಯ ಜೊತೆ ದಿನಕ್ಕೊಂದು ಜಗಳ ಆಡುವುದು ನನ್ನ ಕೆಲಸ. ಸಂಜೆಯಾದರೆ ಗೇಮ್. ಈ ಸುತ್ತಿನಲ್ಲಿ ಆ ಹುಚ್ಚು ಇದ್ದವರು ಆರು ಜನ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಸೇರಿದ್ದೆವು. ನಾಲ್ವರು ನೀಲಿ, ಇಬ್ಬರು ಹಸಿರು. ನೀಲಿಯವರ ನಾಯಕ ಮಲ್ಲಂದೂರಿನವನು, ದೊಡ್ಡ ತೋಟದ ಮನೆಯ ಮಗ. ಆಟದಲ್ಲಿ ಅವನಿಗೆ ‘ನೀನು’ ಅನ್ನುತ್ತಿದ್ದೆ, ರಸ್ತೆಯಲ್ಲಿ ಅವನ ಅಪ್ಪನ ಜೊತೆ ಸಿಕ್ಕರೆ ‘ನೀವು’.

ಗ್ರೂಪಿಗಿಂತ ಮುಖ್ಯವಾದದ್ದು ಬಸ್ಸು. ನಮ್ಮ ಕಡೆ ಔಷಧಿ, ಕೋಳಿಮರಿ, ಜಾತಕ, ಟೈಲರ್ ಹೊಲಿದ ರವಿಕೆ ಎಲ್ಲ ಬಸ್ಸಿನಲ್ಲೇ ಹೋಗುತ್ತವೆ. ಕಂಡಕ್ಟರ್ ಕೈಗೆ ಕೊಟ್ಟು, ಇಂಥ ಸ್ಟಾಪಿನಲ್ಲಿ ಇಂಥವರಿಗೆ ಕೊಡಿ ಅಂದರೆ ಮುಗಿಯಿತು. ನಮ್ಮ ಡಿಸ್ಕುಗಳೂ ಹಾಗೇ ತಿರುಗುತ್ತಿದ್ದವು. ಒಬ್ಬ ಕೊಂಡ ಗೇಮನ್ನು ಅದೇ ಪಾಳೆಯದ ಉಳಿದವರೆಲ್ಲ ಸರದಿಯಲ್ಲಿ ಆಡುವುದು. ಕವರಿನೊಳಗೆ ಒಂದು ಚೀಟಿ ಇರಲೇಬೇಕು ಅನ್ನುವುದು ನಮ್ಮದೇ ಕಾನೂನು. ‘ಮೂರನೇ ರಾಕ್ಷಸನ ಎಡಗಾಲಿಗೆ ಹೊಡಿ, ಬೇರೆ ಎಲ್ಲಿ ಹೊಡೆದರೂ ಸಾಯಲ್ಲ’ ಅಂತಲೋ, ‘ಇದನ್ನು ಆಡಿ ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಾಳೆ, ಹುಷಾರು’ ಅಂತಲೋ ಬರೆದಿರುತ್ತಿತ್ತು. ನನಗೆ ಹತ್ತಿರದ ಕೊಟ್ಟಿಗೆಹಾರದಲ್ಲಿ ಬಸ್ ಬದಲಾಗಬೇಕಾದ್ದರಿಂದ, ನಾನು ಹಸಿರಿನವನಾದರೂ ನೀಲಿಯವರ ಕವರುಗಳನ್ನು ಇಳಿಸಿ ಹತ್ತಿಸುವ ಕೆಲಸ ನನ್ನದೇ ಆಗಿತ್ತು.

ಈ ಕವರುಗಳಿಗಾಗಿ ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವನು ಕಳಸದವನು. ಅವನು ಮೊದಲು ಒಂದು ಹೋಮ್‌ಸ್ಟೇಯ ಜೀಪು ಓಡಿಸುತ್ತಿದ್ದ. ಅತಿಥಿಗಳಿಗೆಂದು ಅಲ್ಲಿಟ್ಟಿದ್ದ ನೀಲಿ ಪೆಟ್ಟಿಗೆ ಹಳತಾದಾಗ ಮಾಲೀಕರು ಅದನ್ನು ಮೂವತ್ತು ಡಿಸ್ಕಿನ ಸಮೇತ ಇವನಿಗೆ ಕೊಟ್ಟರು. ಆಮೇಲೊಂದು ದಿನ ಮನೆ ಹಿಂದಿನ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಕಾಳುಮೆಣಸು ಕೊಯ್ಯುವಾಗ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಹೆಂಡತಿ ಬೆಳಿಗ್ಗೆ ತೋಟದ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಅಲ್ಲಿಯವರೆಗೆ ಮನೆಯಲ್ಲಿ ಅವನು, ಒಂದು ಟಿವಿ, ಆ ಪೆಟ್ಟಿಗೆ. ಆಟದಲ್ಲಿ ಅವನು ಕುದುರೆ ಹತ್ತುತ್ತಿದ್ದ, ಗೋಡೆ ಹಾರುತ್ತಿದ್ದ. ನಾವು ಟೈಂಪಾಸಿಗೆ ಆಡುತ್ತಿದ್ದೆವು, ಅವನು ಹಗಲು ಕಳೆಯಲು ಆಡುತ್ತಿದ್ದ.

ಅವನ ಮನೆ ನೋಡಿದವನು ನಾನೊಬ್ಬನೇ. ಒಂದು ಮಳೆಗಾಲ ಗುಡ್ಡ ಕುಸಿದು ಬಸ್ ನಿಂತಿದ್ದಾಗ ಕವರು ಕೊಡಲು ಬೈಕಿನಲ್ಲಿ ಸುತ್ತುಹಾಕಿ ಹೋಗಿದ್ದೆ. ಎರಡು ಗುಡ್ಡಗಳ ನಡುವಿನ ತಗ್ಗು. ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ. ಅವನ ಮೊಬೈಲನ್ನು ಹೆಂಡತಿ ತೋಟಕ್ಕೆ ಒಯ್ಯುತ್ತಾಳೆ. ಅವಳು ಎತ್ತರಕ್ಕೆ ಹತ್ತಿದಾಗ ಅವನ ಮೆಸೇಜು ನಮಗೆ ಬರುತ್ತದೆ, ನಮ್ಮದು ಅವನಿಗೆ ಸಂಜೆ ಮುಟ್ಟುತ್ತದೆ. ಉಳಿದವರು, ಪಾಪ ಮಲಗಿರುತ್ತಾನೆ, ಅದಕ್ಕೇ ಉತ್ತರ ತಡ ಅಂದುಕೊಂಡಿದ್ದರು.

ಹೋದ ವರ್ಷ ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಸಿಡಿಲು ಹೊಡೆದು ಅವನ ಪೆಟ್ಟಿಗೆ ಸುಟ್ಟುಹೋಯಿತು. ಟಿವಿಯ ಪ್ಲಗ್ ಕಿತ್ತಿದ್ದರಂತೆ, ಪೆಟ್ಟಿಗೆಯದು ಮರೆತಿದ್ದರಂತೆ. ಎಲ್ಲರೂ ಸೇರಿ ಹೊಸದು ಕೊಡಿಸೋಣ ಅಂದುಕೊಂಡೆವು. ಅಲ್ಲಿಯವರೆಗೆ ನಾವು ಮನುಷ್ಯರೇ.

ಯಾವುದು ಅಂತ ತೀರ್ಮಾನಿಸಲು ಒಂದು ಭಾನುವಾರ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕೂತೆವು. ನೀರುದೋಸೆ ಬರುವ ಮೊದಲೇ ಜಗಳ ಶುರುವಾಯಿತು.

“ನೀಲಿದೇ. ಡಿಸ್ಕ್ ಹಾಕೋ ಡ್ರೈವ್ ಇಲ್ಲದ್ದು,” ಅಂದ ಮಲ್ಲಂದೂರಿನವನು. “ಡಿಸ್ಕೆಲ್ಲ ಅಜ್ಜನ ಕಾಲದ್ದು ಮಾರಾಯ. ಮಳೆಗಾಲ ಬಂತು ಅಂದ್ರೆ ಬೂಷ್ಟು ಹಿಡೀತದೆ. ಎಲ್ಲ ಡೌನ್‌ಲೋಡು. ಆನ್‌ಲೈನಲ್ಲಿ ನಮ್ಮ ಜೊತೇನೇ ಆಡ್ಬಹುದು.” ಅವನ ಬಂಗಲೆಗೆ ಫೈಬರ್ ಕೇಬಲ್ ಎಳೆಸಿಕೊಂಡಿದ್ದಾರೆ. ಅವನ ಪ್ರಕಾರ ಲೋಕದ ಎಲ್ಲ ಮನೆಯೂ ಅವನ ಬಂಗಲೆಯೇ.

“ಹಸಿರು ತಗಳಿ. ಡ್ರೈವೂ ಇದೆ, ಮೆಷಿನ್ನೂ ಗಟ್ಟಿ,” ಅಂದೆ ನಾನು.

“ಅವ್ನ ಮೂವತ್ತು ಡಿಸ್ಕ್ ಅದ್ರಲ್ಲಿ ಓಡ್ತದಾ? ತಲೆ ಇದೆಯಾ ನಿಂಗೆ?”

ಅವನ ಡ್ರೈವ್ ಇಲ್ಲದ ನೀಲಿಯಲ್ಲೂ ಅವು ಓಡುವುದಿಲ್ಲ. ಆದರೂ ಹಸಿರಿನಲ್ಲಿ ಓಡುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಗೊತ್ತಿದ್ದೇ ಒಂದು ಗಂಟೆ ವಾದ ಮಾಡಿದೆ. ಯಾವ ಕಂಪನಿ ಮೊದಲು ಏನು ತಂದಿತು, ಯಾರ ಕಂಟ್ರೋಲರ್ ಕೈಗೆ ಹೊಂದುತ್ತದೆ, ಯಾರು ಯಾರನ್ನು ಕಾಪಿ ಹೊಡೆದರು. ಅಷ್ಟೂ ಹೊತ್ತು ಕಳಸದವನ ಹೆಸರು ಒಂದೇ ಒಂದು ಸಲ ಬರಲಿಲ್ಲ. ಕೊನೆಗೆ ಟಯರ್ ಅಂಗಡಿ ಇಟ್ಟುಕೊಂಡಿರುವ ನಮ್ಮ ಗುಂಪಿನ ಹಿರಿಯ ಕೇಳಿದ: “ನೀಲಿದೇ, ಡ್ರೈವ್ ಇರೋದು ಬರ್ತದಲ್ಲ, ಅದಾಗಲ್ವಾ? ರೈಟ್ರೇ, ನೀವು ಹೇಳಿ. ಅವ್ನ ಮನೆ ನೋಡಿದವ್ರು ನೀವೊಬ್ರೇ.”

ಸರಿಯಾದ ಉತ್ತರ ಅದೇ ಆಗಿತ್ತು. ಹೌದು, ನೀಲಿ, ಡ್ರೈವ್ ಇರುವುದು, ಅಲ್ಲಿ ಸಿಗ್ನಲ್ ಇಲ್ಲ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ‘ನೀಲಿ ತಗೊಳ್ಳಿ’ ಅನ್ನುವ ಮಾತು ಹೊರಡಲಿಲ್ಲ. “ನಿಮ್ಮ ಕಂಪ್ನಿ ವಿಷ್ಯ ನಂಗೇನು ಗೊತ್ತು. ನೀವೇ ನೋಡ್ಕೊಳ್ಳಿ,” ಅಂದು ದೋಸೆ ಮುರಿದೆ. ತಗೊಂಡು ಹಾಳಾಗಲಿ, ಆಮೇಲೆ ಬುದ್ಧಿ ಬರುತ್ತದೆ ಅಂತಲೂ ಒಳಗೊಳಗೆ ಅಂದುಕೊಂಡೆ. ಹಾಳಾಗುವುದು ಯಾರದು ಅಂತ ಯೋಚಿಸಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗಾಯಿತು.

ಡ್ರೈವ್ ಇಲ್ಲದ ನೀಲಿ ಪೆಟ್ಟಿಗೆ ಬಂತು. ಮಲ್ಲಂದೂರಿನವನು ತನ್ನ ಫೈಬರಿನಲ್ಲಿ ಎರಡು ಗೇಮ್ ತುಂಬಿ ಬಸ್ಸಿಗೆ ಹಾಕಿದ. ಮಂಚದ ಮೇಲೆ ಒರಗಿ ಪೆಟ್ಟಿಗೆ ಹಿಡಿದುಕೊಂಡ ಕಳಸದವನ ಫೋಟೋ ಗ್ರೂಪಿಗೆ ಬಂತು. ‘ತುಂಬಾ ಥ್ಯಾಂಕ್ಸ್’ ಎಂದು ಬರೆದಿದ್ದ. ನೀಲಿಯವರು ಅದೇ ಫೋಟೋವನ್ನು ಗ್ರೂಪಿನ ಚಿತ್ರ ಮಾಡಿಕೊಂಡರು. ಎಲೆಕ್ಷನ್ ಗೆದ್ದವರ ಫ್ಲೆಕ್ಸ್ ಇದ್ದ ಹಾಗೆ ಅದು ಅಲ್ಲಿ ಮಳೆಗಾಲವಿಡೀ ಇತ್ತು. ನಾನು ಮುನಿಸಿಕೊಂಡು ಗ್ರೂಪ್ ನೋಡುವುದನ್ನೇ ಬಿಟ್ಟೆ.

ಮಳೆ ಕಳೆದು, ಹಣ್ಣು ಕೊಯ್ಲು ಶುರುವಾಗುವ ಮುಂಚೆ ಮೇಜಿನ ಡ್ರಾಯರ್ ಒರೆಸುತ್ತಿದ್ದಾಗ ಒಂದು ಕವರು ಸಿಕ್ಕಿತು. ಸಿಡಿಲು ಹೊಡೆದ ವಾರ ಕಳಸಕ್ಕೆಂದು ಬಂದದ್ದು, ನನ್ನಲ್ಲೇ ಉಳಿದಿತ್ತು. ಡಿಸ್ಕ್ ಓಡದಿದ್ದರೂ ಒಳಗಿನ ಚೀಟಿ ಅವನದು ಎಂದುಕೊಂಡು ಅದನ್ನು ಹಿಡಿದು ಬಸ್ಸಿನ ಹತ್ತಿರ ಹೋದೆ. ಕಂಡಕ್ಟರ್ ಕವರನ್ನೂ ನನ್ನನ್ನೂ ನೋಡಿದ.

“ಏನ್ ರೈಟ್ರೇ, ಆ ಮನೆಗೆ ಕಳ್ಸೋದೇ ಬಿಟ್ಬಿಟ್ರಲ್ಲ? ಅವ್ರ ಹೆಂಡ್ತಿ ಪಾಪ, ಒಂದು ತಿಂಗ್ಳು ದಿನಾ ಸ್ಟಾಪಿಗೆ ಬಂದು, ಕವರ್ ಬಂತಾ, ಚೀಟಿಯಾದ್ರೂ ಬಂತಾ ಅಂತ ಕೇಳ್ತಿದ್ರು. ಆಮೇಲೆ ಅವ್ರೂ ಬಿಟ್ರು.”

ನಾನು ಕವರು ಕೊಡಲಿಲ್ಲ. ಅದೇ ಬಸ್ ಹತ್ತಿದೆ.

ಕಳಸದವನ ಮನೆಯಲ್ಲಿ ಟಿವಿಗೆ ಒಂದು ಟವೆಲ್ ಹೊದಿಸಿದ್ದರು. ಪೆಟ್ಟಿಗೆ ಅದರ ಕೆಳಗೆ ಹೊಳೆಯುತ್ತಿತ್ತು, ಒಂದು ಗೀರಿಲ್ಲದೆ. ಎಷ್ಟು ದಿನ ಆಡಿದೆ ಅಂದೆ. ಮೂರು ವಾರ ಅಂದ. ಆಮೇಲೆ ಗೇಮ್ ತೆರೆಯಲು ಹೋದರೆ, ಇಂಟರ್ನೆಟ್ಟಿಗೆ ಸೇರಿಸಿ, ಪರವಾನಗಿ ನೋಡಬೇಕು ಅಂತ ಬರತೊಡಗಿತಂತೆ. ತುಂಬಿ ಕೊಟ್ಟ ಎರಡೂ ಗೇಮು ಬೀಗ ಹಾಕಿಕೊಂಡವು. ಮೂವತ್ತು ಡಿಸ್ಕು ಅಕ್ಕಿ ಡಬ್ಬದ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿದ್ದವು.

“ಹೇಳ್ಬಾರ್ದಿತ್ತಾ ಮಾರಾಯ?”

“ಎಂತ ಹೇಳೋದು? ಪುಕ್ಕಟೆ ಕೊಟ್ಟಿದ್ದೀರಿ. ಸರಿಯಿಲ್ಲ ಅಂತ ಹೇಳ್ಲಿಕ್ಕಾಗ್ತದಾ? ತರೋ ಮುಂಚೆ ಒಬ್ರಾದ್ರೂ ನನ್ನ ಕೇಳಿದ್ರೆ ಹೇಳ್ತಿದ್ದೆ.” ಅಷ್ಟು ಹೇಳಿ ಕಿಟಕಿ ಕಡೆ ತಿರುಗಿದ. ನಾವು ಯಾರೂ ಕೇಳಿರಲಿಲ್ಲ. ಸರ್‌ಪ್ರೈಸ್ ಅಂತೆ!

ವಾಪಸ್ ಬರುವಾಗ ಸಿಗ್ನಲ್ ಸಿಕ್ಕಿದ ಕಡೆಯಿಂದ ಗ್ರೂಪಿಗೆ ಎಲ್ಲವನ್ನೂ ಬರೆದೆ. ಬಣಕಲ್ ತಲುಪುವಷ್ಟರಲ್ಲಿ ಮೆಸೇಜುಗಳು ಬಿದ್ದಿದ್ದವು. ಮಲ್ಲಂದೂರಿನವನು: ‘ಅದು ಸಿಗ್ನಲ್ ಪ್ರಾಬ್ಲಂ, ಮೆಷಿನ್ ಪ್ರಾಬ್ಲಂ ಅಲ್ಲ.’ ನನ್ನದೇ ಹಸಿರು ಪಾಳೆಯದ ಇನ್ನೊಬ್ಬ: ‘ಅವತ್ತೇ ಹೇಳಿದ್ವಿ, ನಮ್ದು ತಗೊಂಡಿದ್ರೆ ಹೀಗಾಗ್ತಿರ್ಲಿಲ್ಲ.’ ಅದಕ್ಕೆ ಇದು, ಇದಕ್ಕೆ ಅದು. ಅವನು ಹೇಗಿದ್ದಾನೆ ಅಂತ ಟಯರ್ ಅಂಗಡಿಯವನು ಬಿಟ್ಟು ಯಾರೂ ಕೇಳಲಿಲ್ಲ. ಬಸ್ಸಿನಲ್ಲೇ ಕೂತು ಬಾಯಿಗೆ ಬಂದದ್ದೆಲ್ಲ ಟೈಪ್ ಮಾಡಿದೆ. ಕೋಟಿಗಟ್ಟಲೆ ಲಾಭ ಮಾಡುವ ಕಂಪನಿಗೆ ನೀವು ಕೂಲಿಯಿಲ್ಲದ ಆಳುಗಳು ಅಂತ ಬರೆದೆ. ಕಳಿಸುವ ಮುಂಚೆ ಆ ‘ನೀವು’ ಕಣ್ಣಿಗೆ ಚುಚ್ಚಿತು. ಅಳಿಸಿ ‘ನಾವು’ ಮಾಡಿ ಕಳಿಸಿ, ಗ್ರೂಪಿನಿಂದ ಹೊರಬಂದೆ.

ಆ ಪೆಟ್ಟಿಗೆಗೆ ಹೊರಗಿನಿಂದ ಜೋಡಿಸುವ ಡ್ರೈವ್ ಬೇರೆಯಾಗಿ ಮಾರುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಮೊದಲು ಬಾಯಿ ಕಿತ್ತು ಮಾರುವುದು, ಆಮೇಲೆ ಬಾಯಿಯನ್ನೂ ಮಾರುವುದು! ತರಿಸಿದೆ. ಕಳಸಕ್ಕೆ ಒಯ್ದು ಜೋಡಿಸಿದರೆ, ಡ್ರೈವನ್ನು ನೋಂದಾಯಿಸಲು ಇಂಟರ್ನೆಟ್ಟಿಗೆ ಸೇರಿಸಿ ಅಂತ ಪರದೆಯ ಮೇಲೆ ಬಂತು. ನನ್ನ ಕೈಗೆ ಆ ಕಂಪನಿಯ ಒಬ್ಬನಾದರೂ ಸಿಕ್ಕಿದ್ದರೆ ಆ ತಗ್ಗಿನಲ್ಲೇ ಹೂತು ಬರುತ್ತಿದ್ದೆ. ಬೇರೆ ದಾರಿ ಇರಲಿಲ್ಲ. ಪೆಟ್ಟಿಗೆಯನ್ನು ಗೋಣಿಚೀಲಕ್ಕೆ ಹಾಕಿ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಬೇಕರಿಗೆ ಹೋದೆ. ಟಿವಿಯಲ್ಲಿ ಕ್ರಿಕೆಟ್ ಓಡುತ್ತಿತ್ತು. ಹತ್ತು ನಿಮಿಷ ಬಿಟ್ಟುಕೊಡಿ ಅಂದರೆ ಟೀ ಕುಡಿಯುತ್ತಿದ್ದವರೆಲ್ಲ ನನ್ನನ್ನು ತಿನ್ನುವ ಹಾಗೆ ನೋಡಿದರು. ಬೇಕರಿಯವರು, “ಆ ಬಿದ್ದ ಹುಡುಗಂದಾ? ಮಾಡ್ಕೊಳ್ಳಿ,” ಅಂದು ತಾವೇ ವಯರ್ ಕಿತ್ತುಕೊಟ್ಟರು. ನನ್ನ ಮೊಬೈಲಿನ ನೆಟ್ಟಿನಲ್ಲಿ ನಾಲ್ಕೇ ನಿಮಿಷದಲ್ಲಿ ಕೆಲಸ ಮುಗಿಯಿತು. ಐದು ತಿಂಗಳು ಒಬ್ಬ ಮನುಷ್ಯ ಟವೆಲ್ ಹೊದಿಸಿದ ಟಿವಿ ನೋಡುತ್ತ ಮಲಗಿದ್ದ, ನಾಲ್ಕು ನಿಮಿಷದ ಕೆಲಸಕ್ಕೆ.

ಮನೆಗೆ ತಂದು ಸಿಕ್ಕಿಸಿ, ಡ್ರಾಯರಿನಲ್ಲಿ ಉಳಿದಿದ್ದ ಆ ಡಿಸ್ಕನ್ನೇ ಹಾಕಿದೆ. ಡ್ರೈವ್ ಗರ್ರೆಂದು ತಿರುಗಿತು. ಅವನು ದಿಂಬಿಗೆ ಒರಗಿ ಕಂಟ್ರೋಲರ್ ಕೈಗೆತ್ತಿಕೊಂಡ. ಮುಖದಲ್ಲಿ ನಗು ಇರಲಿಲ್ಲ. ಹೇಳಿಬಿಡಬೇಕು ಅನ್ನಿಸಿತು.

“ನೋಡು, ಅವತ್ತು ಹೋಟ್ಲಲ್ಲಿ ನನ್ನನ್ನ ಕೇಳಿದ್ರು. ಇಲ್ಲಿ ಸಿಗ್ನಲ್ ಇಲ್ಲ ಅಂತ ನಂಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ.”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಗೊತ್ತು. ಪೆಟ್ಟಿಗೆ ಬಿಚ್ಚಿದ ದಿವ್ಸನೇ ಗೊತ್ತಾಯ್ತು. ಉಳಿದವ್ರ ಮೇಲೆ ನಂಗೆ ಸಿಟ್ಟಿಲ್ಲ, ಅವ್ರು ನಮ್ಮನೆ ನೋಡ್ಲಿಲ್ಲ. ನೀನು ಈ ಮಂಚದ ಮೇಲೇ ಕೂತು ಕಾಫಿ ಕುಡ್ದಿದ್ದೆ. ಐದು ತಿಂಗ್ಳು ಆಡ್ಲಿಕ್ಕೆ ಎಂತದ್ದೂ ಇರ್ಲಿಲ್ಲ ಮಾರಾಯ. ಅದೊಂದನ್ನೇ ಯೋಚ್ನೆ ಮಾಡ್ತಿದ್ದೆ.”

ಆಟ ಶುರುವಾಯಿತು. ಇಬ್ಬರು ಸೇರಿ ಆಡುವ ಆಟ ಅದು, ಎರಡನೇ ಕಂಟ್ರೋಲರ್ ಅವನ ದಿಂಬಿನ ಪಕ್ಕದಲ್ಲೇ ಇತ್ತು. ಅವನು ಅದನ್ನು ನನ್ನ ಕಡೆ ಚಾಚಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕೂವರೆಯ ಬಸ್ಸಿನವರೆಗೆ ಕೂತು, ಅವನು ಒಬ್ಬನೇ ಆಡುವುದನ್ನು ನೋಡಿದೆ.