ಲೇಬಲ್ ಇಲ್ಲದ ಹಾಸಿಗೆ

ಕೆ.ಆರ್. ಪುರದಲ್ಲಿ ನಮ್ಮ ಮಾವ ಮುನಿರಾಜಪ್ಪನವರು ಹೊಲಿದ ಹಾಸಿಗೆಯ ಮೇಲೆ ಮಲಗಿದವರು ಅಲಾರಂ ಹೊಡೆದರೂ ಏಳುವುದಿಲ್ಲ. ಇದು ಅವರೇ ಹೇಳುವ ಮಾತು. ನಲವತ್ತು ವರ್ಷದಿಂದ ಅವರದ್ದು ಒಂದೇ ಪರೀಕ್ಷೆ: ಮುಷ್ಟಿ ಒತ್ತಿದರೆ ಮಣಿಕಟ್ಟಿನವರೆಗೂ ಇಳಿಯಬೇಕು. ಇಳಿದರೆ ತಮ್ಮದೇ ಹೆಸರಿರುವ ಅಂಗಡಿಯ ಕೆಂಪು ಲೇಬಲ್ಲನ್ನು ಮೂಲೆಯಲ್ಲಿ ತಾವೇ ಹೊಲಿಯುತ್ತಾರೆ. ಇಳಿಯದಿದ್ದರೆ ಆ ಹಾಸಿಗೆ ಬಾಗಿಲು ದಾಟುವುದಿಲ್ಲ.

ಹೀಗಿರುವಾಗ ನನ್ನ ಏಳು ವರ್ಷದ ಮಗಳು ಧನುಶ್ರೀಗೆ ಜಿಮ್ನಾಸ್ಟಿಕ್ಸ್ ಹುಚ್ಚು ಹಿಡಿಯಿತು. ಸ್ಕೂಲಿನ ನಾಜಿಶ್ ಮಿಸ್ ಪಲ್ಟಿ ಹೊಡೆಯಲು ಕಲಿಸಿ, "ಮನೇಲಿ ಮ್ಯಾಟ್ ಹಾಕ್ಕೊಂಡು ಪ್ರಾಕ್ಟೀಸ್ ಮಾಡು" ಅಂದಿದ್ದರು. ಮಾವ ಬಿಡುತ್ತಾರೆಯೇ? "ಹಾಸಿಗೆ ಅಂಗಡಿ ಮೊಮ್ಮಗಳು ಮ್ಯಾಟ್ ಮೇಲೆ ಬೀಳ್ಬೇಕಾ?" ಎಂದು ಬೂರುಗದ ಹತ್ತಿ ತುಂಬಿ ಮೊಣಕಾಲೆತ್ತರದ ಹಾಸಿಗೆಯನ್ನೇ ತಂದರು. ನನ್ನ ಮದುವೆಗೂ ಅಂಥದ್ದು ಹೊಲಿದಿರಲಿಲ್ಲ, ಮಹಾನುಭಾವರು.

ಮೊದಲ ಪಲ್ಟಿಗೇ ಮಗುವಿನ ತಲೆ ಹತ್ತಿಯೊಳಗೆ ಹೂತುಕೊಂಡಿತು, ಮೈ ಮಾತ್ರ ಮುಂದಕ್ಕೆ ಉರುಳಿತು. ಮೂರು ದಿನ ಕತ್ತು ತಿರುಗಲಿಲ್ಲ. ಡಾಕ್ಟರು ಗಾಬರಿಯಾಗುವಂಥದ್ದೇನಿಲ್ಲ ಎಂದರೂ ನಾನು ಕೇಳಲಿಲ್ಲ. "ಇನ್ಮೇಲೆ ಪಲ್ಟಿ ಗಿಲ್ಟಿ ಎಲ್ಲಾ ಬಂದ್!" ಎಂದುಬಿಟ್ಟೆ. ಧನು ಅಳಲಿಲ್ಲ, ಊಟ ಬಿಟ್ಟಳು. ಮಾವನೂ ಬಿಟ್ಟರು. ಎರಡು ತಟ್ಟೆ ಹಾಗೇ ಇದ್ದರೆ ನಾನು ಎಷ್ಟು ಹೊತ್ತು ಹಟ ಹಿಡಿಯಲಿ? ಕೊನೆಗೆ ಮಿಸ್ಸನ್ನೇ ಮನೆಗೆ ಕರೆದೆ.

ಅವರು ಹಾಸಿಗೆ ಒತ್ತಿ ನೋಡಿ ನಕ್ಕರು. "ತಾತಾ, ಇದು ನಿದ್ದೆ ಮಾಡೋಕೆ ಸೂಪರ್. ಪಲ್ಟಿಗೆ ತೆಳ್ಳಗೆ, ಗಟ್ಟಿಯಾಗಿರ್ಬೇಕು."

"ಗಟ್ಟಿ ಹಾಸಿಗೇನಾ? ನಾನಾ?" ಮಾವನ ಮುಖ ನೋಡಬೇಕಿತ್ತು.

ಆದರೂ ಹೊಲಿದರು. ತೆಂಗಿನ ನಾರು, ಹಳೇ ಹತ್ತಿ ಸೇರಿಸಿ, ಕೋಲಿನಿಂದ ಬಡಿದು, ಮೇಲೆ ನಿಂತು ತುಳಿದು, ಒತ್ತೊತ್ತಾಗಿ ದಾರ ಬಿಗಿದರು. ಲೇಬಲ್ ಮಾತ್ರ ಹಾಕಲಿಲ್ಲ. "ಇದಕ್ಕೆ ನನ್ನ ಹೆಸರು ಬೇಡ ನಂದಿತಾ, ನೋಡಿದೋರು ನಗ್ತಾರೆ."

ಭಾನುವಾರ ಬೆಳಿಗ್ಗೆ ತಿಂಡಿಗೆ ಮುಂಚೆ ಟೀಪಾಯಿ ಹೊರಗೆ ಹೋಯಿತು. ಧನುವಿನ ಕಾಲ್ಗೆಜ್ಜೆ, ಕ್ಲಿಪ್ಪು ನನ್ನ ಕೈಗೆ ಬಂದವು. ಮಿಸ್ ತೋರಿಸಿಕೊಟ್ಟಿದ್ದಂತೆ ಮಾವ ಪಕ್ಕದಲ್ಲಿ ಮಂಡಿಯೂರಿ, ಒಂದು ಕೈ ಅವಳ ತಲೆಯ ಹಿಂದೆ, ಇನ್ನೊಂದು ತೊಡೆಯ ಕೆಳಗೆ ಇಟ್ಟರು.

"ಗದ್ದ ಎದೆಗೆ ಅಂಟಿಸ್ಕೋ ಚಿನ್ನಿ. ಬೆನ್ನು ದುಂಡಗೆ ಮಾಡು." ಆಮೇಲೆ ನನ್ನ ಕಡೆ ತಿರುಗಿ, "ನೀನು ಬೇಡ ಅಂದ್ರೆ ಈಗ್ಲೇ ನಿಲ್ಲಿಸ್ತೀನಮ್ಮ" ಅಂದರು.

"ಹೂಂ, ಮಾಡ್ಲಿ" ಎಂದು ತಲೆಯಾಡಿಸಿದೆ.

ಧನು ಉರುಳಿ ಎದ್ದು ಕೂತಳು. ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ, "ಅಮ್ಮಾ, ನೋವೇ ಇಲ್ಲ!" ಎಂದಳು. ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಐದು ಪಲ್ಟಿಗೆ ಮಾವ "ಇವತ್ತಿಗೆ ಸಾಕು" ಎಂದು ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡು ಹೊರಟರು.

"ಮಾವ, ಎಲ್ಲಿಗೆ ಅದನ್ನ ತಗೊಂಡು? ನಾಳೆಗೆ ಬೇಕಲ್ಲ?"

"ತರ್ತೀನಿ ಇರಮ್ಮ," ಎಂದರು ಮೆಟ್ಟಿಲಿಳಿಯುತ್ತಾ. "ಲೇಬಲ್ ಹೊಲಿಯೋದು ಬಾಕಿ ಇದೆ."