ಮಾವ ಕಟ್ಟಲು ಹೊರಟ ಕಡಲು

ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ದುಡಿಯುವ ಕಾಲವನ್ನೆಲ್ಲ ನೆಲದಡಿಯ ಒಂದು ಕೋಣೆಯಲ್ಲಿ ಕಳೆದವರು. ಮೇಲೆ ಊರಿನ ಸಾರ್ವಜನಿಕ ಈಜುಕೊಳ; ಕೆಳಗೆ ಪಂಪುಗಳು, ಮರಳು ತುಂಬಿದ ಫಿಲ್ಟರು, ತೊಡೆಗಾತ್ರದ ಪೈಪುಗಳು. ಆ ಪಂಪ್ ರೂಮೇ ಅವರ ಕಚೇರಿ. ಮೇಲಿನವರು ನೀರಿಗೆ ಹಾರಿದರೆ ಇವರಿಗೆ ಗೋಡೆಯಾಚೆ ಧಬ್ ಎಂದು ಕೇಳುತ್ತಿತ್ತಂತೆ, ಅಷ್ಟೆ. ಮಾವನಿಗೆ ಈಜು ಬರುವುದಿಲ್ಲ. ಯಾಕೆ ಕಲಿಯಲಿಲ್ಲ ಎಂದು ಕೇಳಿದರೆ, "ನಾನೂ ಮೇಲೆ ಹೋಗಿ ತೇಲ್ತಾ ಇದ್ರೆ ಕೆಳಗೆ ವಾಲ್ವ್ ತಿರುಗಿಸೋರು ಯಾರು" ಅನ್ನುತ್ತಾರೆ.

ಅವರ ಕೆಲಸದ ಧರ್ಮ ಒಂದೇ: ಈಜುವವರನ್ನು ಬಿಟ್ಟು ನೀರಿನಲ್ಲಿ ಇನ್ನೇನೂ ಬದುಕಿರಬಾರದು. ನೀರು ಚೂರು ಹಸಿರಿಗೆ ತಿರುಗಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಚಪ್ಪಲಿ ಸದ್ದಿಗಿಂತ ಮೊದಲು ಕ್ಲೋರಿನ್ ವಾಸನೆಯೇ ಮನೆಯೊಳಗೆ ಬರುತ್ತಿತ್ತು ಎಂದು ನನ್ನ ಗಂಡ ಇವತ್ತಿಗೂ ನಗುತ್ತಾರೆ.

ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ನಿವೃತ್ತಿಯಾದ ಮೇಲೆ ಮಾವ ನಮ್ಮ ಜೊತೆಗೇ ಬಂದರು. ನನ್ನ ಮಗ ಹುಟ್ಟಿದಾಗ ಕೇಳದೆಯೇ ಒಂದು ಕೆಲಸ ಹಿಡಿದುಕೊಂಡರು: ಬೆಳಗಿನ ಮೊದಲ ಬಾಟಲಿ ಹಾಲು. ಬಾಟಲಿ ಕುದಿಸಿ, ಆರಿಸಿ, ಹಾಲನ್ನು ಮಣಿಕಟ್ಟಿಗೆ ಎರಡು ತೊಟ್ಟು ಬಿಟ್ಟು ನೋಡಿ, ಸದ್ದಿಲ್ಲದೆ ನನ್ನ ಕೋಣೆಯ ಬಾಗಿಲಿಗೆ ತಂದುಕೊಡುತ್ತಿದ್ದರು. ಅದರಿಂದ ನನಗೆ ಸಿಗುತ್ತಿದ್ದ ಅಷ್ಟು ಹೊತ್ತಿನ ನಿದ್ದೆ ಎಂಥ ಸಂಪತ್ತು ಅನ್ನುವುದು ಕೈಗೂಸಿನ ತಾಯಂದಿರಿಗೇ ಗೊತ್ತು.

ಆಮೇಲೆ ಗುಂಡಣ್ಣನ ಸಂಗತಿ ನಡೆಯಿತು.

ಗುಂಡಣ್ಣ ನನ್ನ ಮಗಳು ಗುಬ್ಬಿಯ ಮೀನು. ಕಿಟಕಿ ಕಟ್ಟೆಯ ಮೇಲೊಂದು ಗಾಜಿನ ಬೋಗುಣಿಯಲ್ಲಿ ಇಡೀ ದಿನ ಬಾಯಿ ಆಡಿಸಿಕೊಂಡಿರುತ್ತಿತ್ತು. ಬಿಸಿಲು ಬಿದ್ದು ಬಿದ್ದು ನೀರು ಹಸಿರಾಗಿತ್ತು. ನಾವೆಲ್ಲ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ಮಾವನಿಗೆ ಅದನ್ನು ನೋಡಲಾಗಲಿಲ್ಲ. ಬೋಗುಣಿಯನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಿ, ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಕೊಳದ ಕ್ಲೋರಿನ್ ಪುಡಿಯನ್ನು ಉಗುರಿನ ತುದಿಯಷ್ಟು ಹಾಕಿದರು. ಅವರ ಲೆಕ್ಕ ತಪ್ಪಿರಲಿಲ್ಲ. ಆ ಲೆಕ್ಕದ ನೀರಿನಲ್ಲಿ ಮನುಷ್ಯರು ಆರಾಮಾಗಿ ಈಜಬಹುದು. ಮೀನು ಈಜಲಾರದು ಅನ್ನುವುದು ಮಾತ್ರ ಅವರ ಬದುಕಿನಲ್ಲಿ ಯಾವತ್ತೂ ಬೇಕಾಗದಿದ್ದ ವಿಷಯ.

ನಾವು ಬಂದಾಗ ಬೋಗುಣಿ ಫಳಫಳ ಹೊಳೆಯುತ್ತಿತ್ತು. ಮಾವ ಪಕ್ಕದಲ್ಲೇ ನಿಂತಿದ್ದರು, ಕೈಯಲ್ಲಿ ಒರೆಸುವ ಬಟ್ಟೆ. ಗುಬ್ಬಿ ನೋಡಿ, "ತಾತ, ಗುಂಡಣ್ಣ ಯಾಕೆ ಮಗ್ಗುಲಾಗಿ ಮಲಗಿದಾನೆ?" ಅಂದಳು. ಮಾವ ಬಟ್ಟೆಯಿಂದ ಗಾಜನ್ನು ಇನ್ನೊಮ್ಮೆ ಒರೆಸಿದರು.

ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತೇನೋ. ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಬಾಟಲಿ ತಂದರು. ನಾನು ಅರೆನಿದ್ದೆಯಲ್ಲಿ ಕೈಚಾಚಿ ತೆಗೆದುಕೊಂಡೆ. ಮಗುವಿನ ಬಾಯಿಗೆ ಇಡುವ ಮೊದಲು ಮೂಗಿನ ಹತ್ತಿರ ಹಿಡಿದು ಮೂಸಿದೆ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ತಲೆ ಎತ್ತಿದರೆ ಮಾವ ಇನ್ನೂ ಬಾಗಿಲಲ್ಲೇ ಇದ್ದರು.

"ನಾಳೆಯಿಂದ ನೀನೇ ಮಾಡ್ಕೊಳಮ್ಮ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಹಾಗಲ್ಲ ಮಾವ ಅನ್ನುವಷ್ಟರಲ್ಲಿ ಮಗು ಅತ್ತಿತು. ಆಮೇಲೆ ಹೇಳೋಣ ಅಂದುಕೊಂಡೆ. ಮನೆಯಲ್ಲಿ 'ಆಮೇಲೆ' ಅಂದುಕೊಂಡ ಮಾತು ಮಡಚದೆ ಬಿಟ್ಟ ಬಟ್ಟೆಗಳ ಹಾಗೆ. ದಿನಾ ಕಣ್ಣಿಗೆ ಬೀಳುತ್ತದೆ, ಕೈಗೆ ಬರುವುದಿಲ್ಲ. ಮಾವ ಬಾಟಲಿ ಇರಲಿ, ಗುಬ್ಬಿಗೆ ಒಂದು ಲೋಟ ನೀರು ಕೊಡುವುದನ್ನೂ ನಿಲ್ಲಿಸಿದರು. "ಅಮ್ಮನ್ನ ಕೇಳು ಪುಟ್ಟಿ" ಅನ್ನತೊಡಗಿದರು.

ಗುಬ್ಬಿ ಒಂದು ದಿನ ಅವರ ಮೊಣಕಾಲಿಗೆ ಒರಗಿ ಕೇಳಿದಳು, "ಇನ್ನೊಂದು ಮೀನು ತಂದ್ರೆ, ಸಾಯ್ದೇ ಇರೋ ಹಾಗೆ ಎಲ್ಲಿಡೋದು ತಾತ?"

ಮಾವ "ದೊಡ್ಡ ನೀರಲ್ಲಿ" ಅಂದರು. "ಚಿಕ್ಕ ನೀರು ಒಂದು ತಪ್ಪನ್ನೂ ತಡ್ಕೊಳಲ್ಲ."

ಅಲ್ಲಿಂದ ಶುರುವಾಯಿತು. ಅಲಂಕಾರದ ಮೀನು ಮಾರುವ ಅಂಗಡಿಗೆ ತಾತ ಮೊಮ್ಮಗಳು ಹೋದರು. ಗುಬ್ಬಿ ಕಡಲ ನೀರಿನ ತೊಟ್ಟಿಗೆ ಮೂಗು ಅಂಟಿಸಿಕೊಂಡು ನಿಂತುಬಿಟ್ಟಳಂತೆ. ಒಳಗೆ ಹವಳಗಳು ಬೆರಳು ಬಿಚ್ಚಿದ ಹಾಗೆ ಅಲ್ಲಾಡುತ್ತಿದ್ದವು. ಅಂಗಡಿಯಾಕೆ ಮಾವನಿಗೆ ಹೇಳಿದ್ದಿಷ್ಟು: ಇಲ್ಲಿ ನೀರನ್ನು ಶುದ್ಧ ಮಾಡುವುದು ಪುಡಿಯಲ್ಲ, ಕಲ್ಲುಗಳ ಮೇಲೆ ಬದುಕಿರುವ ಕಣ್ಣಿಗೆ ಕಾಣದ ಜೀವಗಳು, ಅವನ್ನು ಸಾಯಿಸಿದರೆ ಎಲ್ಲ ಹೋಯಿತು. ಮಾವ ಇದನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡರಂತೆ. ಮನೆಗೆ ಬಂದವರು ಹಳೆಯ ಪುಡಿ ಡಬ್ಬಿಯನ್ನು ಹಿತ್ತಲಲ್ಲಿ ಹೂಳಲು ಹೊರಟರು. ಗಿಡ ಸಾಯುತ್ತದೆಂದು ನಾನೇ ತಡೆದೆ.

ನಡುಮನೆಗೂ ಸಾಮಾನಿನ ಕೋಣೆಗೂ ಮಧ್ಯೆ ಒಂದೇ ಗೋಡೆ. ನಡುಮನೆಯಲ್ಲಿ ಅಂಥದೇ ಒಂದು ಕಡಲ ತೊಟ್ಟಿ, ಗೋಡೆಯ ಹಿಂದೆ ಯಂತ್ರಗಳು ಎಂದು ನಿರ್ಧಾರವಾಯಿತು. ನೆಲಮಹಡಿ, ಭಾರ ತಡೆಯುತ್ತದೆ. ಮಾವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದರು, ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಅಂಟಿಸಿ ತೊಟ್ಟಿಯಷ್ಟೇ ಗಾತ್ರದ ಒಂದು ಡಬ್ಬ ನಿಲ್ಲಿಸಿದರು. ಹಲವು ವಾರ ನಾವು ಆ ರಟ್ಟಿನ ಸಮುದ್ರವನ್ನು ಬಳಸಿಕೊಂಡು ಓಡಾಡಿದೆವು.

ಪೈಪಿನ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತೊಟ್ಟಿಯ ಮೇಲಂಚಿನಿಂದ ನೀರು ತುಳುಕಿ ಪೈಪಿಗೆ ಇಳಿಯಬೇಕು. ಹಿಂದಿನ ಕೋಣೆಯ ಕೆಳತೊಟ್ಟಿಗೆ ಹೋಗಿ ಅಲ್ಲಿ ನೊರೆ ತೆಗೆಯುವ ಯಂತ್ರದಲ್ಲಿ ಕೊಳೆ ಕಳೆದುಕೊಳ್ಳಬೇಕು. ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳಬೇಕು. "ಈಜುಕೊಳಾನೂ ಹೀಗೇ ಕಣೋ. ಮರಿ ಹಾಕಿದೆ ಅಷ್ಟೆ" ಎಂದು ನನ್ನ ಗಂಡನಿಗೆ ವಿವರಿಸಿದರು.

ಆದರೆ ಅಳುಕು ಅನ್ನುವುದು ಪೈಪಿಗಿಂತ ಬೇಗ ಕವಲೊಡೆಯುತ್ತದೆ. ನೀರಿಳಿಯಲು ಒಂದು ಪೈಪು ಸಾಕಿತ್ತು. ಅದು ಕಟ್ಟಿಕೊಂಡರೆ ಎಂದು ಎರಡನೆಯದು ಬಂತು. ಎರಡೂ ಕಟ್ಟಿಕೊಂಡರೆ ಎಂದು ಮೂರನೆಯದು.

"ಅಪ್ಪ, ಮೂರನೇದೂ ಕಟ್ಕೊಂಡ್ರೆ?" ನನ್ನ ಗಂಡ ಕಣ್ಣು ಮಿಟುಕಿಸಿದರು.

"ಅದಕ್ಕೇ ಕೋಣೆಯ ನೆಲದಲ್ಲೊಂದು ಮೋರಿ ಬೇಕು" ಅಂದರು ಮಾವ. ತಮಾಷೆ ಅವರಿಗೆ ತಲುಪಿರಲಿಲ್ಲ.

ಆಮೇಲೆ ಕರೆಂಟಿನ ಚಿಂತೆ. ಕರೆಂಟು ಹೋಗಿ ಪಂಪು ನಿಂತರೆ ಮೇಲಿನ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಇಳಿದು ಕೆಳತೊಟ್ಟಿ ಉಕ್ಕುತ್ತದೆ. ನೀರು ಮೇಲೆ ಬರುವ ಪೈಪಿಗೆ ಗಾಳಿ ಒಳಗೆಳೆಯುವ ಹಾಗೆ ಸಣ್ಣ ತೂತು ಕೊರೆದರೆ ಆ ಸೆಳೆತ ಮುರಿಯುತ್ತದಂತೆ. ಆ ತೂತಿಗೆ ಶಂಖದ ಹುಳು ಬಂದು ಕೂತರೆ? ಇನ್ನೊಂದು ತೂತು. ಎರಡಕ್ಕೂ ಕೂತರೆ? ಕೆಳತೊಟ್ಟಿಯೇ ದೊಡ್ಡದಾಗಲಿ. ಸೀಮೆಸುಣ್ಣದ ಗೆರೆ ಸರಿಯುತ್ತ ಸರಿಯುತ್ತ ನನ್ನ ಹಾಸಿಗೆ ಕಂಬಳಿಗಳ ಟ್ರಂಕನ್ನು ನುಂಗಿತು, ಮಗುವಿನ ಬಿಚ್ಚಿಟ್ಟ ತೊಟ್ಟಿಲನ್ನು ನುಂಗಿತು. ಬೇರೆ ದಿನಗಳಲ್ಲಾಗಿದ್ದರೆ ಒಂದು ಅಂಗುಲವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಈಗ ಬಾಯಿಮುಚ್ಚಿಕೊಂಡು ಟ್ರಂಕನ್ನು ಮಂಚದಡಿಗೆ ತಳ್ಳಿದೆ. ನನ್ನ ಬಾಯಿ ಕಟ್ಟಿದ್ದು ಆ ಬೆಳಗಿನ ಬಾಟಲಿ.

ಮಾವನ ಹಳೆಯ ಗೆಳೆಯರೊಬ್ಬರು ನೋಡಲು ಬಂದರು. ಈಜುಕೊಳದ ದಡದಲ್ಲಿ ಕೂತು ಮುಳುಗುವವರನ್ನು ಎತ್ತುತ್ತಿದ್ದವರು. ಎಲ್ಲರೂ ಅವರನ್ನು ಸೀಟಿ ಅಂತಲೇ ಕರೆಯುವುದು. ನೆಲದ ತುಂಬ ಹರಡಿದ ಪೈಪುಗಳನ್ನು ದಾಟಿಕೊಂಡು ಬಂದು, "ಸೊಳ್ಳೆ ಮರಿಗೂ ಒಂದಿನ ಉಳಿಗಾಲ ಕೊಡದ ಮಹಾನುಭಾವ ಹವಳ ಬೆಳೆಸ್ತೀಯಾ? ಅವಕ್ಕೆ ಮೊದಲೇ ಹೇಳಿದೀಯಾ ನೀನ್ಯಾರು ಅಂತ?" ಅಂದರು.

ಮಾವ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. "ಆವತ್ತು ನೀನಿರ್ಲಿಲ್ಲ ಕಣೋ" ಅಂದರು.

ಸೀಟಿ ಕಾಫಿ ಮುಗಿಸಿ ಎದ್ದರು. ಹೊರಡುವಾಗ ಅಡುಗೆಮನೆಗೆ ಬಂದು ಲೋಟ ಇಡುತ್ತ ನನಗೆ ಹೇಳಿದರು: "ಅಲ್ಲಮ್ಮ, ನಿಮ್ಮ ಮಾವ ಕೊಳದಲ್ಲಿ ಒಂದಿನಾನೂ ಒಬ್ಬನೇ ಪುಡಿ ಹಾಕಿದ್ದಿಲ್ಲ. ಅವನು ಅಳೆದು ಹಾಕೋದು, ನಾನು ನೀರು ತೆಗೆದು ನೋಡೋದು. ನಾನು ಸರಿ ಅಂದ್ಮೇಲೇ ಗೇಟು ತೆಗೀತಿದ್ದಿದ್ದು. ಅವತ್ತು ಆ ಬೋಗುಣಿಗೆ ಒಬ್ಬನೇ ಹಾಕ್ಬಿಟ್ಟೆ ಅಂತ ಕೊರಗ್ತಾನೆ."

ನಾನು ಲೋಟ ತೊಳೆಯುತ್ತ ನಿಂತೆ. ಅವರ ಕೊರಗು ನನಗೆ ಗೊತ್ತಿತ್ತು. ನನ್ನದು ಅವರಿಗೆ ಗೊತ್ತಿತ್ತೇ?

ಕೊನೆಗೂ ತೊಟ್ಟಿ ಬಂತು. ಪೈಪುಗಳನ್ನು ಮೊದಲು ಅಂಟಿಲ್ಲದೆ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ, ಆಮೇಲಷ್ಟೇ ಅಂಟು ಬಳಿದರು. ನೀರು, ಉಪ್ಪು, ಕಲ್ಲುಗಳು. ಮೀನಿಗೆ ಇನ್ನೂ ಕಾಯಬೇಕಿತ್ತು. ಒಂದು ಸಂಜೆ ನನ್ನ ಗಂಡನಿಗೆ ಮೇನ್ ಸ್ವಿಚ್ ಆರಿಸಲು ಹೇಳಿ, ನಮ್ಮೆಲ್ಲರನ್ನೂ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದರು. ಪಂಪಿನ ಸದ್ದು ಅಡಗಿತು. ಟಾರ್ಚಿನ ಬೆಳಕಿನಲ್ಲಿ ಕೆಳತೊಟ್ಟಿಯ ನೀರು ಏರುತ್ತ ಬಂತು. ಅಂಚಿಗೆ ಬೆರಳಿನಷ್ಟು ಉಳಿದಾಗ ಪೈಪು ಗೊರ್ರೆಂದು ಗಾಳಿ ಎಳೆದುಕೊಂಡಿತು, ನೀರು ನಿಂತಿತು. ಗುಬ್ಬಿ ಚಪ್ಪಾಳೆ ತಟ್ಟಿದಳು. ಮಾವ ಮಾತ್ರ ಬಗ್ಗಿ ನೆಲವನ್ನು ಅಂಗೈಯಿಂದ ಸವರಿ, ಒಣಗಿದೆ ಎಂದು ಖಾತ್ರಿ ಮಾಡಿಕೊಂಡರು.

ಕೆಲವು ದಿನಗಳಲ್ಲಿ ಕಲ್ಲುಗಳು ಕಂದು ಬಣ್ಣಕ್ಕೆ ತಿರುಗಿದವು. ಗಾಜಿನ ಮೇಲೆ ತುಕ್ಕಿನಂಥ ಪೊರೆ. ಹೀಗಾಗುತ್ತದೆ, ಹೆದರಬೇಡಿ, ಮುಟ್ಟಬೇಡಿ, ತಾನಾಗಿ ಹೋಗುತ್ತದೆ ಎಂದು ಅಂಗಡಿಯಾಕೆ ಮೊದಲೇ ಹೇಳಿದ್ದಳು. ಮಾವ ನಡುಮನೆಯಲ್ಲಿ ಕೂರುವುದನ್ನೇ ಬಿಟ್ಟರು. ಕೂತರೆ ಬೆನ್ನು ತಿರುಗಿಸಿ ಕೂರುತ್ತಿದ್ದರು.

ಮೊನ್ನೆ ಬೆಳಿಗ್ಗೆ ಮಗುವಿಗೆ ಹಾಲು ಮಾಡಲು ಎದ್ದು ಬಂದರೆ, ಮಾವ ತೊಟ್ಟಿಯ ಮುಂದೆ ನಿಂತಿದ್ದರು. ಕೈಯಲ್ಲಿ ಬ್ರಶ್ಶು, ಪಕ್ಕದಲ್ಲಿ ಬಕೆಟ್ಟು.

"ಬಂದ್ಯಾ" ಅಂದರು. "ಇಲ್ಲೇ ಸ್ವಲ್ಪ ನಿಂತ್ಕೊಳಮ್ಮ. ನಾನೊಬ್ಬನೇ ಇದ್ರೆ ತೊಳೆದುಬಿಡ್ತೀನಿ."

ನಿಂತೆ. ಒಳಗಿನ ಕೊಳೆಯನ್ನು ಇಬ್ಬರೂ ನೋಡುತ್ತ ಇದ್ದೆವು. ಕೋಣೆಯಿಂದ ಮಗುವಿನ ಅಳು ಕೇಳಿಸಿತು. "ಮಾವ, ನಾನಿಲ್ಲಿ ಕಾವಲಿರ್ತೀನಿ. ನೀವು ಹೋಗಿ ಹಾಲು ಮಾಡ್ಕೊಂಡು ಬನ್ನಿ" ಅಂದೆ. ಅಷ್ಟು ದಿನ ಬಾರದ ಮಾತು ಹೇಗೋ ಬಂದುಬಿಟ್ಟಿತ್ತು.

ಅವರು ನನ್ನ ಮುಖ ನೋಡಿದರು. ಬ್ರಶ್ಶನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಪಾತ್ರೆಯ ಸದ್ದು, ನೀರು ಕುದಿಯುವ ಸದ್ದು. ಬಾಟಲಿ ತಂದವರು ಅದನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಮೂಸು."

"ಬೇಡ ಮಾವ. ಅವತ್ತು ನಾನು..."

"ಅವತ್ತು ನೀನು ಮಾಡಿದ್ದೇ ಸರಿ. ಒಬ್ಬರು ಮಾಡಿದ್ದನ್ನ ಇನ್ನೊಬ್ಬರು ನೋಡ್ಬೇಕು. ಮೀನಿನ ದಿನ ನೋಡೋರು ಇರ್ಲಿಲ್ಲ. ನೀವು ಬರೋವರೆಗೆ ಕಾಯ್ಬೇಕಿತ್ತು, ಕಾಯ್ಲಿಲ್ಲ. ನೀನು ನೋಡ್ತೀನಿ ಅಂದ್ರೆ ಮಾಡ್ತೀನಿ, ಇಲ್ದಿದ್ರೆ ಇಲ್ಲ."

ಮೂಸಿದೆ. ಹಾಲು, ಬೆಚ್ಚನೆಯ ರಬ್ಬರು. "ಸರಿಯಿದೆ" ಅಂದೆ. ಅವರು ತಲೆಯಾಡಿಸಿ, ಮೊಮ್ಮಗನ ಕಡೆಗೆ ತಾವೇ ನಡೆದರು.

ಗುಂಡಣ್ಣ ಸತ್ತ ಮಾರನೆಯ ಬೆಳಿಗ್ಗೆ ನಾನು ಮೂಸಿದ್ದು ಯಾವ ನಿಯಮಕ್ಕೂ ಅಲ್ಲ, ಅನುಮಾನಕ್ಕೆ. ಅದನ್ನು ಅವರು ಪಂಪ್ ರೂಮಿನ ಪದ್ಧತಿಯೆಂದು ಮಡಚಿ ನನಗೆ ವಾಪಸು ಕೊಟ್ಟರು. ವ್ಯತ್ಯಾಸ ಅವರಿಗೂ ಗೊತ್ತಿದೆ ಅಂತ ನನ್ನ ಗುಮಾನಿ. ಅದಕ್ಕೇ ಪೂರ್ತಿ ಹಗುರಾಗಿಲ್ಲ.

ಈಗ ದಿನಾ ಮೂಸುವುದಕ್ಕೆಂದು ನಾನೂ ಎದ್ದೇಳಬೇಕು. ನಿದ್ದೆ ಮಾತ್ರ ವಾಪಸು ಬರಲಿಲ್ಲ. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಾವ ತೊಟ್ಟಿಯ ಮುಂದೆ ನಿಲ್ಲುತ್ತಾರೆ. ಕಲ್ಲುಗಳು ಇನ್ನೂ ಕಂದಾಗಿಯೇ ಇವೆ.

"ಇವತ್ತೂ ಮುಟ್ಬಾರ್ದಾ?"

"ಮುಟ್ಬಾರ್ದು ಮಾವ."

"ಸರಿ ಹಾಗಾದ್ರೆ" ಅನ್ನುತ್ತಾರೆ, ಮಗುವಿನ ಬೆನ್ನು ತಟ್ಟುತ್ತಾ.