ನಾನು ಕಟ್ ಮಾಡಿದ ಫೋನು

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದ ಮೇಲಿನ ಭಾನುವಾರ. ಪರೀಕ್ಷೆ ಹತ್ತಿರ ಬಂತೆಂದು ನಮ್ಮ ಕೋಚಿಂಗಿನ ಮಕ್ಕಳನ್ನು ಹಬ್ಬಕ್ಕೂ ಮನೆಗೆ ಕಳಿಸಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಬಹಳ ವರ್ಷ ಗುಮಾಸ್ತನಾಗಿದ್ದೆ. ಘಾಟಿಗೆ ಉಬ್ಬಸ ಹತ್ತಿ ಆ ಕೆಲಸ ಬಿಟ್ಟ ಮೇಲೆ ರಾಣೆಬೆನ್ನೂರಿನ ಒಂದು ಕೋಚಿಂಗ್ ಸೆಂಟರಿನಲ್ಲಿ ವಾರ್ಡನ್ ಆದೆ. ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಐದನೇ ಇಯತ್ತೆಯ ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ತಯಾರು ಮಾಡುತ್ತಿದ್ದರು. ಅವರನ್ನು ಏಳಿಸುವುದು, ಉಣ್ಣಿಸುವುದು, ಮಲಗಿಸುವುದು ನನ್ನ ಪಾಲಿನದು. ಇನ್ನೊಂದು ಕೆಲಸವೂ ಇತ್ತು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಮಕ್ಕಳು ಮನೆಯವರ ಜೊತೆ ಮಾತಾಡಬಹುದಿತ್ತು. ಫೋನು ನನ್ನ ಕೈಯಲ್ಲೇ ಇರಬೇಕು, ಸ್ಪೀಕರ್ ಹಾಕಿರಬೇಕು. "ಆರಾಮ ಅದೇನಿ, ಊಟ ಆತು, ಓದಾಕತ್ತೇನಿ" ಎಂದು ಹೇಳುವುದನ್ನು ನಾನೇ ಕಲಿಸಿದ್ದೆ. ಯಾರಾದರೂ ಅಳಲು ಶುರುಮಾಡಿದರೆ, ನೆಟ್‌ವರ್ಕ್ ಇಲ್ರಿ ಎಂದು ಕಟ್ ಮಾಡುತ್ತಿದ್ದೆ. ಒಬ್ಬ ಅತ್ತರೆ ಎಲ್ಲರೂ ಅಳುತ್ತಾರೆ, ಆಮೇಲೆ ಯಾರೂ ಓದುವುದಿಲ್ಲ ಎಂದು ಮಾಲೀಕರು ಹೇಳಿದ್ದರು. ನನಗೂ ಅದು ಸರಿಯೆನಿಸಿತ್ತು.

ಗಣಿತದ ಸರ್ ಸ್ಟೀಲ್ ಪಟ್ಟಿಯ ಅಂಚಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಬಾತ ಬೆರಳಿಗೆ ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಹಚ್ಚುತ್ತಲೇ, ಮನೆಯಲ್ಲಿ ಹೇಳಬೇಡಿ, ಅಪ್ಪ ಅವ್ವ ನೊಂದುಕೊಳ್ಳುತ್ತಾರೆ ಎನ್ನುತ್ತಿದ್ದೆ. ಪಾಲಕರ ವಾಟ್ಸಾಪ್ ಗುಂಪಿಗೆ ಫೋಟೊ ಕಳಿಸುವಾಗ ಮಕ್ಕಳನ್ನು ಕೈ ಹಿಂದೆ ಕಟ್ಟಿಸಿ ನಿಲ್ಲಿಸುತ್ತಿದ್ದೆ. ಎಷ್ಟು ಶಿಸ್ತು ಐತಿ ನೋಡ್ರಿ ಎಂದು ಪಾಲಕರು ಖುಷಿಯಿಂದ ಬರೆಯುತ್ತಿದ್ದರು.

ಆ ಭಾನುವಾರ ಮಂಜು ಎಂಬ ಹುಡುಗನ ಸರದಿ ಬಂತು. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯವನು, ತೆಳ್ಳಗೆ, ಮಾತು ಕಡಿಮೆ. ತಾಯಿ ಫೋನ್ ಎತ್ತಿದ ಕೂಡಲೇ, "ಅವ್ವಾ, ಇವತ್ತ ಬಂದು ಕರ್ಕೊಂಡ್ ಹೋಗು, ಗಣಿತದ ಸರ್..." ಎಂದ. ನನ್ನ ಹೆಬ್ಬೆರಳು ತಾನಾಗಿಯೇ ಕೆಂಪು ಗುಂಡಿ ಒತ್ತಿತು. ನೆಟ್‌ವರ್ಕ್ ಹೋಯಿತು ಅಂದೆ. ಅವನು ನನ್ನ ಮುಖ ನೋಡಿದ. ತಾಯಿ ಮತ್ತೆ ಮತ್ತೆ ಫೋನ್ ಹಚ್ಚಿದಳು. ನಾನು ಸದ್ದು ಬಂದ್ ಮಾಡಿ ಜೇಬಿನಲ್ಲಿ ಇಟ್ಟುಕೊಂಡೆ.

ಮಧ್ಯಾಹ್ನ ಊಟಕ್ಕೆ ಅವನು ಬರಲಿಲ್ಲ. ಕೋಣೆ, ಬಚ್ಚಲು, ಮಾಳಿಗೆಯ ಮೇಲೆ, ಎಲ್ಲಿಯೂ ಇಲ್ಲ. ಪೊಲೀಸರಿಗೆ ಹೇಳೋಣವೆಂದರೆ ಮಾಲೀಕರು ಒಪ್ಪಲಿಲ್ಲ. ಸೆಂಟರಿನ ಹೆಸರು ಹೋಗುತ್ತದೆ, ಮೊದಲು ನೀವೇ ಹುಡುಕಿ ಅಂದರು. ನಾನು ರೈಲ್ವೆ ಸ್ಟೇಷನ್ನಿಗೆ ಓಡಿದೆ. ಅಲ್ಲಿ ಚಹಾ ಮಾರುವವನು, ಅಂಥ ಹುಡುಗನೊಬ್ಬ ಹುಬ್ಬಳ್ಳಿ ಕಡೆಯ ಗಾಡಿ ಹತ್ತಿದ್ದನ್ನು ನೋಡಿದ್ದ.

ಆ ಗಾಡಿ ಬ್ಯಾಡಗಿಯಲ್ಲಿ ನಿಲ್ಲುವುದಿಲ್ಲ, ಮುಂದೆ ಹಾವೇರಿಯಲ್ಲೇ ನಿಲ್ಲುವುದು. ತನ್ನೂರಿನ ಸ್ಟೇಷನ್ ಬಂದು ಹಾದುಹೋಗುವಾಗ ಹತ್ತು ವರ್ಷದ ಹುಡುಗ ಏನು ಮಾಡಿಯಾನು?

ಹಾವೇರಿ ಬಸ್ ಹತ್ತಿದೆ. ಬಸ್ಸಿನಿಂದಲೇ ಬ್ಯಾಡಗಿಯ ಪರಿಚಯದ ಹಮಾಲನಿಗೆ ಫೋನ್ ಮಾಡಿ, ಹಳಿಯ ಗುಂಟ ಒಂದಿಷ್ಟು ನೋಡಿಕೊಂಡು ಬಾ ಎಂದೆ. ಏನು ನೋಡಲಿ ಎಂದು ಅವನು ಕೇಳಿದ. ಅದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಮೋಟೆಬೆನ್ನೂರು ದಾಟಿದ ಮೇಲೆ ಅವನ ಫೋನ್ ಬಂತು. ಏನೂ ಕಾಣಲಿಲ್ಲ ಅಂದ. ಅಷ್ಟರಲ್ಲಿ ಮಾಲೀಕರ ಫೋನು: ಸಿಕ್ಕರೆ ಮೊಮ್ಮಗ ಅಂತ ಹೇಳಿ ಕರೆದುಕೊಂಡು ಬನ್ನಿ, ಯಾರ ಜೊತೆಯೂ ಮಾತು ಬೆಳೆಸಬೇಡಿ.

ಹಾವೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಮಂಜು ಕೂತಿದ್ದ. ಜೀವಂತ ಇದ್ದ. ಪಕ್ಕದಲ್ಲಿ ಬುರ್ಖಾ ತೊಟ್ಟ ನಡುವಯಸ್ಸಿನ ಹೆಂಗಸು ಅವನ ಅಂಗಿಯ ತುದಿ ಹಿಡಿದೇ ಕೂತಿದ್ದಳು. ಬ್ಯಾಡಗಿಯಲ್ಲಿ ಅವನು ಓಡುವ ಗಾಡಿಯ ಬಾಗಿಲಿನಿಂದ ಒಂದು ಕಾಲು ಹೊರಗೆ ಹಾಕಿದಾಗ ಹಿಂದಿನಿಂದ ಎಳೆದವಳು ಅವಳೇ ಎಂದು ಆಮೇಲೆ ತಿಳಿಯಿತು. ಸ್ಟೇಷನ್ ಪೊಲೀಸರಿಗೆ ತಿಳಿಸಿ, ಮಕ್ಕಳ ಸಹಾಯವಾಣಿಯವರಿಗಾಗಿ ಕಾಯುತ್ತಿದ್ದಳು.

"ಯಾರ್ರಿ ನೀವು?" ಎಂದಳು.

"ನಾ ಇವನ ಅಜ್ಜ, ತಂಗಿ. ಸಿಟ್ಟು ಮಾಡ್ಕೊಂಡು ಬಂದಾನ."

"ಹೌದಾ? ಇವನ ಅವ್ವನ ಹೆಸರೇನ್ರಿ?"

ನನಗೆ ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿ ಆ ತಾಯಿ "ಮಂಜು ಮನೆ" ಎಂದಷ್ಟೇ ಇದ್ದಳು.

"ಸ್ವಂತ ಮಗಳ ಹೆಸರು ನೆನಪಿಲ್ಲೇನು? ಅಲ್ಲ, ಸೊಸಿ ಹೆಸರು ಹೇಳಬಾರದಂತ ಏನರ ಪದ್ಧತಿ ಐತೇನ್ರಿ ನಿಮ್ಮಲ್ಲಿ?" ಎಂದು ಅವಳು ಚುಚ್ಚಿದಳು. ಅವಳು ಹುಡುಗನ ಕಡೆ ತಿರುಗಿ, ಮೆತ್ತಗೆ, "ಬೇಟಾ, ಹೆದರಬ್ಯಾಡ. ಇವರು ನಿಮ್ಮ ಅಜ್ಜ ಏನು?" ಎಂದು ಕೇಳಿದಳು.

ಮಂಜು ಎದ್ದು ನಿಂತ. ಎರಡೂ ಕೈ ಹಿಂದೆ ಕಟ್ಟಿಕೊಂಡ. "ಹೌದ್ರಿ, ನಮ್ಮ ಅಜ್ಜಾರು. ನಾ ಆರಾಮ ಅದೇನ್ರಿ" ಎಂದ. ಭಾನುವಾರದ ಫೋನಿನ ಅದೇ ದನಿ.

ಅವನು ನನ್ನನ್ನು ಉಳಿಸಲು ಸುಳ್ಳು ಹೇಳಲಿಲ್ಲ. ನನಗೆ ಹೆದರಿ ಹೇಳಿದ. ಬಸ್ಸಿನಲ್ಲಿ ಬರುವಾಗ, ಅವನು ಸತ್ತನೇನೋ ಎಂದು ಅಂಜಿದ್ದೆ. ಆದರೆ ಆ ದನಿ ಕೇಳಿದಾಗ ಆದ ಅಂಜಿಕೆ ಅದಕ್ಕಿಂತ ದೊಡ್ಡದು. ನನ್ನ ಬಾಯಿಂದ ಮಾತು ತಾನಾಗಿ ಬಂತು: "ನಾ ಇವನ ಅಜ್ಜ ಅಲ್ಲ, ತಂಗಿ. ಇವನ್ನ ನನ್ನ ಕೈಯಾಗ ಕೊಡಬ್ಯಾಡ್ರಿ."

"ಕೊಡಾಕ ನಾ ಎಲ್ಲಿ ಕುಂತಿದ್ನಿ?" ಅಂದಳು ಅವಳು. "ವಯಸ್ಸಾದವ್ರು ಅಂತ ಇಷ್ಟೊತ್ತನ ‘ರಿ’ ಹಚ್ಚಿ ಮಾತಾಡೇನಿ."

ನಾನು ತಾಯಿಯ ನಂಬರಿಗೆ ಫೋನ್ ಹಚ್ಚಿ ಹುಡುಗನ ಕೈಗೆ ಕೊಟ್ಟೆ, ಸ್ಪೀಕರ್ ಇಲ್ಲದೆ. ಕೊಟ್ಟು ದೂರ ಹೋಗಿ ನಿಂತೆ. ಅವನ ಬೆನ್ನು ಅಲುಗುವುದು ಕಾಣುತ್ತಿತ್ತು. ಆ ಹೆಂಗಸು ಯಾರನ್ನೂ ಹತ್ತಿರ ಬಿಡದೆ ಅಡ್ಡ ನಿಂತಿದ್ದಳು.

ತಾಯಿ ಗಂಡನ ಬೈಕಿನ ಮೇಲೆ ಬಂದಳು. ರತ್ನವ್ವ ಅವಳ ಹೆಸರು. ಸಹಾಯವಾಣಿಯವರ ಎದುರು ನಾನು ಎಲ್ಲವನ್ನೂ ಹೇಳಿದೆ: ಪಟ್ಟಿಯ ಏಟು, ಎಣ್ಣೆ, ಫೋಟೊ, ಫೋನು. ಗಂಡ ನನ್ನ ಕೊರಳಪಟ್ಟಿಗೆ ಕೈ ಹಾಕಿದ. ಅವಳು ಬೈಯಲಿಲ್ಲ. "ನನ್ನ ಫೋನ್ ಹಳೇದು, ಅದಕ್ಕ ಹಿಂಗಾಗಾಕತ್ತೇತಿ ಅಂದ್ಕೊಂಡಿದ್ನಿ. ಮಾಳಗಿ ಹತ್ತಿ ಹತ್ತಿ ಹಚ್ಚಿದ್ನಿ, ಯಜ್ಜಾ" ಎಂದಳು, ಅಷ್ಟೇ.

ಮುಂದೆ ಅಧಿಕಾರಿಗಳು ಬಂದು ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ನಾನೂ ಬರೆದುಕೊಟ್ಟೆ. ಮಾಲೀಕರು ನನ್ನನ್ನು ಉಂಡ ಮನೆಗೆ ಎರಡು ಬಗೆದವನು ಅಂದರು. ಸೆಂಟರ್ ಮುಚ್ಚಿತು. ಗಣಿತದ ಸರ್ ಈಗ ಫೋನಿನಲ್ಲಿ ಪಾಠ ಹೇಳುತ್ತಾರೆಂದು ಕೇಳಿ, ಅದನ್ನೂ ಅಧಿಕಾರಿಗಳಿಗೆ ತಿಳಿಸಿ ಬಂದೆ. ಇಂಥ ಫೋನಿನ ಪಾಠ ಕೆಡಬಾರದೆಂದು ಮನೆಯವರೇ ಮಗುವನ್ನು ಒಳಗೆ ಕೂಡಿಸಿ ಬಾಗಿಲು ಎಳೆದುಕೊಳ್ಳುತ್ತಾರೆ. ನಮ್ಮ ಓಣಿಯಲ್ಲೂ ನೋಡಿದ್ದೇನೆ. ನೋಡಿದಲ್ಲೆಲ್ಲ ಬಾಗಿಲು ತೆರೆದಿಡಿ, ಒಳಗಿನ ಮಾತು ನಿಮಗೂ ಕೇಳಲಿ ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ನಾನು ಮಾಡಿದ್ದನ್ನೇ ಹೇಳುತ್ತೇನೆ.

ರತ್ನವ್ವನ ಹತ್ತಿರ ಕ್ಷಮೆ ಕೇಳಲು ಇನ್ನೂ ಹೋಗಿಲ್ಲ. ಹೋಗಿ ಬಾ ಎಂದು ನನ್ನ ಮಗಳು ಒತ್ತಾಯಿಸುತ್ತಾಳೆ. ಹೋದರೆ ಆ ತಾಯಿ ನೀರು ಕೊಟ್ಟು, ಕುಂದ್ರಿಸಿ, "ಇರಲಿ ಬಿಡ್ರಿ ಯಜ್ಜಾ" ಅಂದುಬಿಡುತ್ತಾಳೆ. ಅಷ್ಟು ಸಲೀಸಾಗಿ ಅದು ಮುಗಿಯುವುದು ನನಗೆ ಬೇಡ.